ಬೈಯುವ ಕೋಣೆ

ಮೈಯೊಳಗಿನ ಕಾವಲು ಕೋಶಗಳು ಮನೆಯವರ ದನಿಗೆ ಕಿವಿಗೊಡುತ್ತವೆ. ಅದಕ್ಕೇ ಎಲ್ಲ ಆಸ್ಪತ್ರೆಗಳಂತೆ ಇಲ್ಲಿಯೂ ಬೈಯುವ ಕೋಣೆಯಿದೆ. ಪಕ್ಕದ ಮಂಚದವನ ಹೆಂಡತಿ ಅವನ ಕೋಶಗಳಿಗೆ ಗಂಟಲು ಹರಿಯುವಂತೆ ಬೈದು ಗಂಡನನ್ನು ಗುಣಮಾಡಿಕೊಂಡು ಹೋದಳು. ನನಗೆ ದನಿಯೇ ಏಳುವುದಿಲ್ಲ.

ಅಪ್ಪನದು ಖಾನಾವಳಿ. ಬಂದವರನ್ನು ಉಣಿಸದೆ ಕಳಿಸಿದವನಲ್ಲ. ಅವನ ಕೋಶಗಳೂ ಹಾಗೆಯೇ. ಶ್ವಾಸಕೋಶದ ಗಡ್ಡೆಯನ್ನು ಕೊಲ್ಲುವುದು ಬಿಟ್ಟು, ಸುತ್ತ ಕೂತು ಅದಕ್ಕೆ ಉಣಿಸುತ್ತಿರುವುದು ಪರದೆಯ ಮೇಲೆ ಕಾಣುತ್ತಿತ್ತು.

“ಇವು ಇವತ್ತೂ ಕೇಳಲಿಲ್ಲಂದ್ರ ಅಪ್ಪನ್ನ ಮನಿಗೆ ಕರ್ಕೊಂಡು ಹೋಗೋದ ನೋಡು, ತಂಗಿ. ದೇವರ ಮುಂದ ಬೇಡಿಕೊಂಡಂಗ ಪಿಸುಗುಟ್ಟಿದ್ರ ಆಗೂದಿಲ್ಲ. ಒದರು!” ಎಂದರು ನರ್ಸ್ ಮಹಾನಂದಕ್ಕ.

ಅಪ್ಪನ ಎದೆಗಿಟ್ಟ ಕೊಳವೆಗೆ ಬಾಯಿಟ್ಟು ಕೂಗಿದೆ: “ಅದು ನಿಮ್ಮ ಬೀಗರಲ್ಲ! ನಮ್ಮಪ್ಪನ್ನ ತಿನ್ನಾಕ ಬಂದೈತಿ. ಕೊಲ್ರಿ ಅದನ್ನ!”

ಕೋಶಗಳು ತಟ್ಟನೆ ನಿಂತವು. ಒಂದೊಂದಾಗಿ ಗಡ್ಡೆಯ ಮೇಲೆ ತಿರುಗಿ ಬೀಳತೊಡಗಿದವು. ಮಹಾನಂದಕ್ಕ ನನ್ನ ಭುಜ ಒತ್ತಿ ಹಿಡಿದರು.

ಆಗ ಅರೆನಿದ್ದೆಯಲ್ಲಿದ್ದ ಅಪ್ಪ ನನ್ನ ಕೈ ತಡವಿ, “ಹಂಗ ಅನಬಾರದವ್ವಾ… ಉಣ್ಣೋರನ್ನ ನಡುವ ಎಬ್ಬಸಬಾರದು” ಎಂದ.

ಯಜಮಾನನ ಮಾತು ಕೇಳಿದ ಕೋಶಗಳು ಮತ್ತೆ ಬಡಿಸತೊಡಗಿದವು.