ಹೊಲದ ಟ್ರಕ್ಕು

ಮಾರ್ಲಿಸ್ ತನ್ನ ಟ್ರ್ಯಾಕ್ಟರಿಗೆ ಸರಪಳಿ ಬಿಗಿದು ಎಳೆತಂದ ತುಕ್ಕು ಹಿಡಿದ ಟ್ರಕ್ಕು ಶೆರಿಫ್ ಠಾಣೆಯ ಬಾಗಿಲಿಗೇ ಅಡ್ಡ ನಿಂತಿತು. ಯಾರೋ ಅದನ್ನು ಅವಳ ಗೋಧಿ ಹೊಲದಲ್ಲಿ ಬಿಟ್ಟುಹೋಗಿ ಆರು ವರ್ಷವಾಗಿತ್ತು.

ಕಾಫಿ ಲೋಟ ಹಿಡಿದೇ ಪೊಲೀಸ್ ಡ್ವೈಟ್ ಹೊರಬಂದ. "ಏನ್ ಆಂಟಿ ಇದು?"

"ಹೋದ ವಾರ ಇದರದ್ದೊಂದು ಚಕ್ರ ಬಿಚ್ಚಿದ್ದಕ್ಕೆ ಕಳ್ಳತನದ ಕೇಸ್ ಹಾಕ್ತೀನಿ ಅಂದ್ಯಲ್ಲ. ವಾಪಸ್ ಹಾಕಿದ್ದೀನಿ. ನೋಡ್ಕೋ, ಒಂದು ಬೋಲ್ಟೂ ಕಮ್ಮಿ ಇಲ್ಲ. ಸೀಟೊಳಗಿನ ಇಲಿಗಳೂ ಹಾಗೇ ಇವೆ."

"ಇಲ್ಲಿ ಬಿಟ್ಟು ಹೋಗೋ ಹಾಗಿಲ್ಲ. ಮೊದಲು ತೆಗೀರಿ."

"ಮಾಲೀಕನ್ನ ಹುಡುಕಿ, ಅವನೇ ತೆಗೀಬೇಕು ಅಂತ ಆರು ವರ್ಷದಿಂದ ನೀನೇ ಹೇಳ್ತಿದ್ದೀಯ. ಈಗ ನೀನೇ ಹುಡುಕು."

ಮಾರ್ಲಿಸ್ ಮಂಡಿಯೂರಿ ಸರಪಳಿ ಕಳಚಿ ಹೆಗಲಿಗೆ ಹಾಕಿಕೊಂಡಳು.

"ಇದೊಂದು ನಂದು," ಎಂದು ಟ್ರ್ಯಾಕ್ಟರ್ ಹತ್ತಿದಳು.