ಮಣ್ಣು ತುಳಿಸುವ ಮದ್ದು

ಧ್ಯಾನದ ಶಿಬಿರದಲ್ಲಿ ಹಗಲಿರುಳೆನ್ನದೆ ಕಣ್ಣು ಮುಚ್ಚಿ ಕೂತು ಬಂದ ಸುಕನ್ಯಾಳಿಗೆ ನೆತ್ತಿ ಕೆಂಡದಂತೆ ಸುಡುತ್ತಿತ್ತು, ನಿದ್ದೆ ಹತ್ತುತ್ತಿರಲಿಲ್ಲ. "ಶಕ್ತಿ ಮೇಲೇರುತ್ತಿದೆ, ಬಿಡದೆ ಮಾಡು" ಎಂದು ಗುರುಗಳು ಫೋನಿನಲ್ಲಿ ಹೇಳಿದ್ದರು. ಅವಳು ಗೋಡೆಗೆ ತಲೆ ಚಚ್ಚಿಕೊಳ್ಳತೊಡಗಿದಾಗ, ಮಡಕೆ ಮಾಡುವ ಸೋದರತ್ತೆ ಬಂದು ತನ್ನ ಮನೆಗೆ ಕರೆದೊಯ್ದಳು.

"ತಲೆಗೇರಿರೋದನ್ನ ಕಾಲಿಗಿಳಿಸ್ಬೇಕು ಕಣವ್ವ. ಇನ್ನೊಂದ್ಸಲ ಹಗಲೊತ್ತು ಕಣ್ಣು ಮುಚ್ಚಿದ್ರೆ ನೋಡು, ಬೆನ್ನ ಮೇಲೆ ಬೀಳ್ತದೆ!"

ಹೀಗೆಂದು ಅತ್ತೆ ಅವಳನ್ನು ಮಡಕೆಯ ಮಣ್ಣು ತುಳಿಯಲು ನಿಲ್ಲಿಸಿದಳು. ಸಂಜೆಗೆ ನೆತ್ತಿಗೆ ಹರಳೆಣ್ಣೆ, ಹೊಟ್ಟೆ ತುಂಬ ಮುದ್ದೆ. ಬರಬರುತ್ತ ಹುಡುಗಿ ಗೊರಕೆ ಹೊಡೆದು ಮಲಗತೊಡಗಿದಳು.

ಒಂದು ಮಧ್ಯಾಹ್ನ ಅಂಗಳದ ಮುಂದೆ ಬಿಳಿ ಕಾರು ನಿಂತಿತು. ಗುರುಗಳೇ ಇಳಿದರು. ಸುಕನ್ಯಾ ಮಣ್ಣು ತುಳಿಯುವುದನ್ನು ಬಿಟ್ಟು ಅತ್ತೆಯ ಸೆರಗು ಹಿಡಿದಳು.

"ಅತ್ತೆ, ನನ್ನ ಕಳಿಸ್ಬೇಡ. ಅವರು ಕರೆದ್ರೆ ನಾನು ಹೊರಟುಬಿಡ್ತೀನಿ."

"ನನ್ನ ಹಿಂದೆ ನಿಂತ್ಕೊ." ಅತ್ತೆ ಮಡಕೆ ತಟ್ಟುವ ಹಲಗೆಯನ್ನು ಕೈಗೆತ್ತಿಕೊಂಡಳು.

ಗುರುಗಳು ಹುಡುಗಿಯನ್ನು ರೆಪ್ಪೆ ಮಿಟುಕಿಸದೆ ನೋಡಿದರು.

"ಇವಳ ಸಾಧನೆ ನಿಲ್ಲಿಸಿದ್ದು ಯಾರು?"

"ನಾನೇ. ಕರ್ಕೊಂಡೋಗಾಕೆ ಬಂದಿದ್ರೆ ಸುಮ್ನೆ ಕಾರು ತಿರುಗಿಸ್ಕೊಳ್ಳಿ ಬುದ್ದಿ."

 ಗುರುಗಳು ಜೊತೆಗೆ ಬಂದ ಶಿಷ್ಯರನ್ನು ಕಾರಿಗೆ ಕಳಿಸಿದರು. ಅಂಗಳದ ಬಾಗಿಲನ್ನು ತಾವೇ ಹಾಕಿ ಚಿಲಕ ಎಳೆದರು. ಹಲಗೆ ಎತ್ತಿ ಹಿಡಿದಿದ್ದ ಅತ್ತೆಯ ತೀರ ಹತ್ತಿರಕ್ಕೆ ಬಂದು ದನಿ ತಗ್ಗಿಸಿದರು.

"ನನಗೂ ಮಣ್ಣು ತುಳಿಯೋಕೆ ಬಿಡು ತಾಯಿ. ನಾನು ನಿದ್ದೆ ಮಾಡಿ ವರ್ಷಗಳಾದವು."