ನೀಲಕ್ಕನ ಮೀನಖಂಡ

ನಾಯಿ ಕಚ್ಚಿದರೆ ಕಚ್ಚಿಸಿಕೊಂಡವರು ಅದನ್ನು ಸಾಕಿದವರಿಗೆ ಅದೇ ಜಾಗದಲ್ಲಿ ಒಂದು ಸಲ ಕಚ್ಚಬಹುದು ಎಂಬ ಕಾಯಿದೆ ಬಂದ ಮೇಲೆ ಧಾರವಾಡದ ಓಣಿಗಳಲ್ಲಿ ನಾಯಿ ಸಾಕುವವರೇ ಕಡಿಮೆಯಾಗಿದ್ದರು. ನೀಲಕ್ಕ ಮಾತ್ರ ಬಾದಶಾನನ್ನು ಬಿಟ್ಟುಕೊಡಲಿಲ್ಲ. ಆ ಹಾಳಾದ್ದು ಹೋಗಿ ಹೋಗಿ ಪಕ್ಕದ ಮನೆಯ ಪ್ರಹ್ಲಾದಾಚಾರ್ಯರ ಮೀನಖಂಡಕ್ಕೇ ಬಾಯಿ ಹಾಕಿತು.

ನೀಲಕ್ಕ ಹೆದರಲಿಲ್ಲ. ಈರುಳ್ಳಿಯನ್ನೂ ಮುಟ್ಟದ ಆಚಾರ್ಯರು ತನ್ನ ಕಾಲು ಕಚ್ಚುತ್ತಾರೆಯೇ? ಆದರೂ ಇರಲಿ ಎಂದು, ದಿನ ಗೊತ್ತುಮಾಡಲು ಬಂದ ಹವಾಲ್ದಾರ ನದಾಫನಿಗೆ ಬೇಕಂತಲೇ ಏಕಾದಶಿಯನ್ನು ಹೇಳಿದಳು. ಅವತ್ತು ಆಚಾರ್ಯರು ಬಾಯಿಗೆ ಹನಿ ನೀರನ್ನೂ ಬಿಡುವುದಿಲ್ಲ. ಬರದಿದ್ದರೆ ಕೇಸು ವಜಾ.

ಅಂದುಕೊಂಡಂತೆ ಏಕಾದಶಿಗೆ ಯಾರೂ ಬರಲಿಲ್ಲ. ನೀಲಕ್ಕ ಬಾದಶಾನಿಗೆ ತುಪ್ಪ ಸವರಿದ ರೊಟ್ಟಿ ಹಾಕಿ ಹಾಯಾಗಿ ಮಲಗಿದಳು.

ಮರುದಿನ ಬೆಳಕು ಹರಿಯುತ್ತಲೇ ಬಾಗಿಲು ಬಡಿದ ಸದ್ದಾಯಿತು. ನದಾಫನ ಹಿಂದೆ ಮಡಿಯುಟ್ಟ ಆಚಾರ್ಯರು ನಿಂತಿದ್ದರು.

"ನಿನ್ನೀಗೇ ಮುಗೀತಲ್ರೀ!" ಎಂದಳು ನೀಲಕ್ಕ.

"ವ್ರತ ಇದ್ದವ್ರಿಗೆ ಒಂದಿನ ಸವಲತ್ತು ಐತ್ರಿ ಅಕ್ಕಾರ," ಎಂದ ನದಾಫ.

"ಆಚಾರ್ರ, ನನ್ನ ಕಾಲು ಬಾಯಾಗ ಹಿಡದ್ರ ನಿಮಗ ಮೈಲಿಗಿ ಆಗೂದಿಲ್ಲೇನ್ರಿ?"

"ಮಠದಾಗ ಕೇಳ್ಕೊಂಡೇ ಬಂದೀನಿ. ನುಂಗಲಿಲ್ಲಂದ್ರ ದೋಷ ಇಲ್ಲಂತ," ಎನ್ನುತ್ತ ಆಚಾರ್ಯರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತರು. ಅವರ ಹೊಟ್ಟೆ ಗುರುಗುಟ್ಟಿದ್ದು ಕೇಳಿ ಬಾದಶಾ ಮಂಚದ ಕೆಳಗೆ ಸರಿದ.

ಇವತ್ತು ದ್ವಾದಶಿ, ಮನುಷ್ಯ ನಿನ್ನೆಯಿಂದ ಉಪವಾಸ ಎಂಬುದು ನೀಲಕ್ಕನಿಗೆ ಹೊಳೆದದ್ದೇ ಆಗ. ಆಚಾರ್ಯರು ಅವಳ ಕಾಲಿನ ಸುತ್ತ ನೀರು ಚಿಮುಕಿಸಿ, ಕಣ್ಣು ಮುಚ್ಚಿ ಮಂತ್ರ ಹೇಳಿ, "ಸ್ವಲ್ಪ ಉಪ್ಪಿನಕಾಯಿ ಅದ ಏನವಾ?" ಎಂದರು.